ಹೆಚ್ಚಾತು ಅಂದವಳು ನಾನು

ರೆಹಾನಾ, ಆ ಶಬ್ದ ನನ್ನದು. ನಿನ್ನ ಕೈಯಿಂದ ಅದನ್ನು ಬರೆಸಿದವಳು ನಾನು. ಸರ್ ಎಲ್ಲರೆದುರು ನಿನ್ನನ್ನು ಕೇಳಿದಾಗ ಅಲ್ಲೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುತ್ತ ಹೋದರೆ ನಡುವೆ ಎಲ್ಲೋ ತಪ್ಪು ಸಣ್ಣದಾಗಿಬಿಡುತ್ತದೆ — ನನ್ನ ಬುದ್ಧಿ ನನಗೆ ಗೊತ್ತು.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಸೊಟ್ಟಗಿದ್ದರೆ ಇರಲಿ. ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಬೇರೆಯವರು ಓದಿದರೂ ತಿಳಿಯಬೇಕು.

ಜತ್ತದ ನಮ್ಮ ಮನೆಯ ಪಡಸಾಲೆಯಲ್ಲಿ ಆಗ ನಿಮ್ಮ ಕಂಪ್ಯೂಟರ್ ಇತ್ತು. ನನ್ನ ಮೊಮ್ಮಗಳು ಸವಿತಾ, ಕರಜಗಿಯಿಂದ ಬರುತ್ತಿದ್ದ ನೀನು, ಇನ್ನೂ ಕೆಲವು ಹುಡುಗರು, ಕಾಲೇಜಿನ ಸರ್ — ಎಲ್ಲರೂ ಕೂಡಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದಿರಿ. ನಾಲ್ಕಾರು ಮಂದಿ ಕೂಡಿ ಮಾಡುವ ಕೆಲಸದಲ್ಲಿ ಯಾರದು ಎಲ್ಲಿಗೆ ಬಂತು, ಮುಂದೆ ಯಾರ ಪಾಳಿ ಅಂತ ತೋರಿಸುವಂಥದು. ಯಾರು ಬೇಕಾದರೂ ತಗೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

“ಬಿಟ್ಟಿ ಕೊಡೂದಕ್ಕ ಇಷ್ಟ್ಯಾಕ ಬೆವರ ಸುರಸ್ತೀರಿ?” ಅಂತ ನಾನು ಚಾಷ್ಟಿ ಮಾಡಿದ್ದೆ.

ನೀನು ನಕ್ಕು, “ನೀವು ಕೌದಿ ಹೊಲಿಯೂದು ಓಣಿ ಮಂದಿಗೆಲ್ಲ ಪುಕ್ಕಟ ಕಲಸೀರಿಲ್ರಿ ಆಯಿ, ಹಂಗ” ಅಂದೆ.

ನಮ್ಮ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರ ಕೌದಿ ಕೆಲಸದ ಮೇಲೇ ಅದನ್ನು ಮೊದಲು ನಡೆಸಿ ನೋಡಿದಿರಿ. ಒಬ್ಬಳು ಅರಿವೆ ಕತ್ತರಿಸುವವಳು, ಒಬ್ಬಳು ಜೋಡಿಸುವವಳು, ಒಬ್ಬಳು ಅಂಚು ಹಿಡಿಯುವವಳು. ತನ್ನ ಪಾಲು ಆದವಳು ಒಂದು ಗುಂಡಿ ಒತ್ತಿದರೆ ಕೆಲಸ ಮುಂದಿನವಳ ಹೆಸರಿಗೆ ಹೋಗಬೇಕು. ಆ ಗುಂಡಿಯ ಮೇಲೆ ನೀನು “ಮುಗೀತು” ಅಂತ ಬರೆದಿದ್ದೆ.

ನನಗೆ ಸಿಟ್ಟು ಬಂತು. ನಮ್ಮಲ್ಲಿ ಡಬ್ಬಿಯಲ್ಲಿ ಉಪ್ಪು ತೀರಿದರೂ ಮುಗೀತು ಅನ್ನುವುದಿಲ್ಲ, ಹೆಚ್ಚಾತು ಅನ್ನುತ್ತೇವೆ. ಬಳೆ ಒಡೆದರೂ ಅದೇ ಮಾತು. ಮುಗೀತು ಅನ್ನುವುದು ಮನುಷ್ಯರು ಹೋದಾಗ.

“ಹೊಸಾ ಕೌದಿಗೆ ಮುಗೀತು ಅಂತೀಯೇನ? ಅದನ್ನ ಹೊತ್ಕೊಂಡ ಮಲಗಿದವ್ರು ಮುಂಜಾನಿ ಏಳಬೇಕೋ ಬ್ಯಾಡೋ? ಹೆಚ್ಚಾತು ಅಂತ ಬರಿ.”

“ನಮ್ಮನ್ಯಾಗೂ ಹಂಗ ಅಂತೀವ್ರಿ ಆಯಿ. ಆದ್ರ ಇದು ದೂರದವ್ರೂ ಓದ್ತಾರ. ಅವ್ರಿಗೆ ಕೆಲಸ ಹೆಚ್ಚಾತು ಅಂತ ತಿಳೀತದರಿ. ಸರ್‌ನ ಒಂದ ಮಾತ ಕೇಳೂಣು.”

“ಅವನ್ನೇನ ಕೇಳ್ತಿ? ಮನಿ ನಂದು. ಬರಿಯಾಂಗಿಲ್ಲಂದ್ರ ನಾಳಿಂದ ನಿಮ್ಮ ಪೆಟ್ಟಿಗಿ ಬ್ಯಾರೆ ಕಡಿ ಒಯ್ರಿ.”

ನೀನು ಬರೆದೆ. ಮನೆಯಲ್ಲಿ ಆಗ ನಾವಿಬ್ಬರೇ.

ನೀನು ಹೇಳಿದಂತೆಯೇ ಆಯಿತು. ದಾವಣಗೆರೆ ಕಡೆ ಹೊಲಿಗೆಯ ಹೆಂಗಸರು ಆ ಸಾಫ್ಟ್‌ವೇರ್ ತಗೊಂಡರು. ಕೆಲಸದ ಹೊರೆ ಆದವರು, “ನನಗೆ ಹೆಚ್ಚಾಯಿತು, ಯಾರಾದರೂ ಕೈ ಹಚ್ಚಿರಿ” ಅನ್ನುವ ಅರ್ಥದಲ್ಲಿ ಆ ಗುಂಡಿ ಒತ್ತಿದರು. ಕೆಲಸ ಆಗಿದೆ ಅಂತ ಅದು ಲೆಕ್ಕ ಹಿಡಿಯಿತು. ಇನ್ನೂ ತೋಳು ಹಚ್ಚದ ಅಂಗಿಗಳು ಗಂಟು ಕಟ್ಟಿಸಿಕೊಂಡು ಶಾಲೆಯ ಮಕ್ಕಳ ಕೈಗೆ ಹೋದವು.

ಸರ್ ಕೆಂಪಗಾಗಿ ಬಂದರು. “ಯಾರ್ ಬದಲ್ ಮಾಡಿದ್ದು?”

“ನಾ ಮಾಡೀನ್ರಿ” ಅಂದೆ ನೀನು. ಅಂದು ನನ್ನ ಕಡೆ ನೋಡಿದೆ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ — ಪೋಣಿಸಿದ ದಾರವನ್ನೇ ಎಳೆದು ಮತ್ತೆ ಪೋಣಿಸಿದೆ.

“ನಿಮ್ಮ ಭಾಷಾ ಅಲ್ಲ ಇದು. ಬರಲಾರದ್ರಾಗ ನಿನಗ್ಯಾಕ ಬೇಕಿತ್ತು ಉಸಾಬರಿ?”

ಇಡೀ ಪಡಸಾಲೆಯಲ್ಲಿ ನಿನ್ನ ಹೊರತು ಆ ಮಾತು ಸುಳ್ಳು ಅಂತ ಆ ಗಳಿಗೆಗೆ ತಿಳಿದಿದ್ದವಳು ನಾನೊಬ್ಬಳೇ. ಮನೆಯಲ್ಲಿ ತಾಯಿಯ ಕೂಡ ದಖನಿ ಉರ್ದು ಮಾತಾಡುವ ಹುಡುಗಿ, ನನ್ನ ಕನ್ನಡ ಎಲ್ಲಿ ತನಕ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಅಂತ ನನಗೇ ಹೇಳಿದ್ದಳು. ಇನ್ನೊಂದನ್ನೂ ಹೇಳಬೇಕು. ಪುಣೆಯಲ್ಲಿ ಆ ಸಾಫ್ಟ್‌ವೇರ್ ಮಂದಿಗೆ ತೋರಿಸಲು ನೀನು ಹೋಗುವುದಿತ್ತು. ನೀನು ಹೋಗದಿದ್ದರೆ ಸವಿತಾ ಹೋಗುವವಳು. ಅದು ನನಗೆ ಆಮೇಲೆ ಹೊಳೆದದ್ದಲ್ಲ — ಸೂಜಿ ಕೈಯಲ್ಲಿದ್ದಾಗಲೇ ಹೊಳೆದಿತ್ತು.

ಸವಿತಾ ಹೋಗಿ ಬಂದಳು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ.

ಸರ್ ಹಾಗಂದ ದಿನ ನೀನು ಎದ್ದು ಚಪ್ಪಲಿ ಮೆಟ್ಟಿದೆ. ರೂಢಿಯಂತೆ ನಾನು “ಹೋಗಿ ಬಾ” ಅಂದೆ. ದಿನಾ “ಬರ್ತೀನ್ರಿ ಆಯಿ” ಅನ್ನುವವಳು ಅಂದು “ಹೋಗ್ತೀನ್ರಿ” ಅಂದೆ. ಭಾಷೆ ಬಾರದವಳು ಅನ್ನಿಸಿಕೊಂಡವಳು! ಹೊಸ್ತಿಲಲ್ಲಿ ಹಾಗನ್ನಬಾರದು ಅಂತ ನಿನಗೆ ಚಲೋ ತಿಳಿದಿತ್ತು. ತಿಳಿದೇ ಅಂದೆ, ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ.

ಗುಂಡಿಯ ಮೇಲಿನ ಶಬ್ದವನ್ನು ಹುಡುಗರು “ಆತು” ಅಂತ ಲಗೂನ ತಿದ್ದಿದರು. ತಿದ್ದುವುದಕ್ಕೇ ಮಾಡಿದ ಸಾಮಾನು ಅದು. ನಿನ್ನ ಮೇಲೆ ಬಿದ್ದ ಮಾತನ್ನು ಯಾರೂ ತಿದ್ದಲಿಲ್ಲ, ತಿದ್ದಬೇಕಾದವಳು ಕೌದಿ ಹೊಲಿಯುತ್ತ ಕುಳಿತಿದ್ದಳು.

ನಿನ್ನೆ ಸವಿತಾಳಿಗೆ ಎಲ್ಲ ಹೇಳಿದೆ. ಅವಳು ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಬಿಡಲಿ. ಸರ್‌ಗೆ ಫೋನ್ ಹಚ್ಚಿಸಿ, “ಆ ಶಬ್ದ ನಂದ್ರಿ” ಅಂದೆ.

“ಇಷ್ಟ ವರ್ಷದ ಮ್ಯಾಲೆ ಯಾಕ್ರಿ ಆಯಿ?” ಅಂದರು.

“ನೀವು ಅಕಿಗೆ ಅಂದ ಮಾತು ನಮ್ಮ ಪಡಸಾಲ್ಯಾಗ ಹಂಗ ಬಿದ್ದೈತ್ರಿ. ನನ್ನ ಪಾಲು ನಾ ಎತ್ತಾಕ ಹತ್ತೀನಿ, ನಿಮ್ಮದು ನೀವು ಎತ್ರಿ.”

ಅವರು ಎತ್ತುತ್ತಾರೋ ಇಲ್ಲವೋ, ಅದು ಅವರದು. ನಾಳೆ ಮುಂಜಾನೆಯ ಬಸ್ಸಿಗೆ ಕರಜಗಿಗೆ ಬರುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ನಿಮ್ಮ ಮನೆಯವರೆದುರು ಬಾಯಿಂದಲೂ ಹೇಳುತ್ತೇನೆ. ಚಹಾ ಕೊಟ್ಟರೆ ಕುಡಿಯುತ್ತೇನೆ, ಕೊಡದಿದ್ದರೆ ನಿಂತೇ ಹೇಳುತ್ತೇನೆ. ಆಮೇಲೆ ನಿನ್ನ ಹೊಸ್ತಿಲಲ್ಲಿ “ಹೋಗ್ತೀನವ್ವ” ಅಂತಲೇ ಅನ್ನುತ್ತೇನೆ. “ಬರ್ತೀನಿ” ಅನ್ನುವ ಹಕ್ಕು ನನಗಿಲ್ಲ. ಬಾ ಅನ್ನುವುದು, ಬಿಡುವುದು ನಿನ್ನದು.