ಕೂಸನ್ನು ಎತ್ತಿಕೊಳ್ಳುವವರು ಯಾರು

ಸವಣೂರಿನ ಪಾತ್ರೆ-ಭಾಂಡೆ ಅಂಗಡಿಯಲ್ಲಿ ಕಳೆದ ವಾರ ಒಂದು ಒಳಲೆ ನೋಡಿದೆ. ಹಸುಗೂಸಿಗೆ ಹಾಲು ಕುಡಿಸುವ, ಒಂದು ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾದ ಪುಟ್ಟ ಬಟ್ಟಲು. ನಾದಿನಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಉಡುಗೊರೆ ಬೇಕಿತ್ತು. ಅದನ್ನು ಕೈಗೆತ್ತಿಕೊಂಡ ಕೂಡಲೇ ನಮ್ಮೂರಿನ ನರ್ಸಬಾಯಿ ನೆನಪಾದರು ಎಂದು ಬರೆದರೆ ಚೆಂದ. ಹಾಗಾಗಲಿಲ್ಲ. ಮೊದಲು ನೆನಪಾದದ್ದು ಅವ್ವನ ಸಿಟ್ಟು. ಆ ಸಿಟ್ಟಿನ ಹಿಂದಿನಿಂದ, ಎಷ್ಟೋ ಹೊತ್ತಿನ ಮೇಲೆ, ಬಿಳಿ ಸೀರೆಯ ನರ್ಸಬಾಯಿ ಬಂದು ನಿಂತರು...

ನಮ್ಮೂರು ದುಂಡಸಿ. ಅಲ್ಲಿನ ಆರೋಗ್ಯ ಕೇಂದ್ರದ ಹಿಂದಿನ ಒಂದು ಕೋಣೆಯಲ್ಲಿ ಅವರ ವಾಸ. ಮದುವೆಯಾಗಿರಲಿಲ್ಲ. ಚಿಕ್ಕೇರೂರಿನ ಕಡೆಯವರೆಂದು ಒಬ್ಬರು ಹೇಳಿದರೆ ಅಲ್ಲ, ಮಂಗಳೂರಿನವರು ಎಂದು ಇನ್ನೊಬ್ಬರು. ಮಾತು ಮಾತ್ರ ನಮ್ಮದೇ. ಕೊರಳಲ್ಲಿ ಕಂಡೂ ಕಾಣದಷ್ಟು ಸಣ್ಣ ಶಿಲುಬೆ. ಭಾನುವಾರ ಬಸ್ಸು ಹತ್ತಿ ಹಾನಗಲ್ಲಿನ ಚರ್ಚಿಗೆ ಹೋಗಿ ಬರುತ್ತಿದ್ದರು. ಊರಿನ ಅರ್ಧ ಮಕ್ಕಳು ಭೂಮಿಗೆ ಬಂದದ್ದು ಅವರ ಕೈಯಲ್ಲಿ. ಆದರೂ ಊರು ಅವರನ್ನು ಪೂರ್ತಿ ನಂಬಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆ.

ಆ ಘಟನೆಯನ್ನು ನಾನು ಕಂಡಿಲ್ಲ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅವ್ವನ ಚೊಚ್ಚಲ ಮಗು ಗಂಡು. ಹೆರಿಗೆ ಮಾಡಿಸಿದವರು ನರ್ಸಬಾಯಿಯೇ. ಎರಡನೆಯ ದಿನ ಮಧ್ಯಾಹ್ನ ಕೂಸಿನ ತುಟಿ ನೀಲಿಗಟ್ಟಿತು. ನಮ್ಮ ಲಿಂಗಾಯತರಲ್ಲಿ ಕೂಸು ಹುಟ್ಟಿದ ಮೇಲೆ ಮಠದ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟುತ್ತಾರೆ. ಅವರು ಅಂದು ಗೊಟಗೋಡಿಗೆ ಯಾರದೋ ಮಣ್ಣಿಗೆ ಹೋಗಿದ್ದರು, ಮರುದಿನ ಬರುವವರಿದ್ದರು. ನರ್ಸಬಾಯಿ ಓಡಿ ಬಂದು ನೋಡಿ, ಶಿಗ್ಗಾಂವಿಗೆ ಒಯ್ಯಲು ಜೀಪು ತರುವಂತೆ ಅಪ್ಪನನ್ನು ಕಳಿಸಿದರು. ಜೀಪು ಬರುವಷ್ಟರಲ್ಲಿ ಕೂಸು ಹೋಗಿತ್ತು.

ಆ ನಡುವೆ ಏನಾಯಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲಲ್ಲಿದ್ದಳು. ನರ್ಸಬಾಯಿ ಒಳಲೆಯಲ್ಲಿದ್ದ ಕಾಯಿಸಿ ಆರಿಸಿದ ನೀರನ್ನು ಕೂಸಿನ ನೆತ್ತಿಗೆ ಹಾಕಿ ಏನೋ ಮಣಮಣ ಅಂದದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಿದ್ದಳು. ಅವಳ ಬಾಯಲ್ಲಿ ಅದು ಒಳಲೆಯ ತುಂಬ ನೀರು. ಅವ್ವನ ಬಾಯಲ್ಲಿ ಮೊದಮೊದಲು ಮೂರು ಹನಿ; ನಾನು ದೊಡ್ಡವಳಾಗುವ ಹೊತ್ತಿಗೆ ಬರೀ ಒದ್ದೆ ಬೆರಳು. ಜೀಪು ಹುಡುಕುತ್ತ ಊರಾಚೆ ಇದ್ದ ಅಪ್ಪ ಕೂಡ ಪಕ್ಕದಲ್ಲೇ ನಿಂತು ನೋಡಿದವನಂತೆ ಹೇಳುತ್ತಿದ್ದ. ಎಲ್ಲರ ಮಾತೂ ಒಂದಾಗುತ್ತಿದ್ದದ್ದು ಒಂದೇ ಕಡೆ. ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದ ಅವ್ವನಿಗೆ ನರ್ಸಬಾಯಿ ಹೇಳಿದ್ದು: "ಅಳಬ್ಯಾಡ ತಂಗಿ. ಕಡೀ ದಿನ ಸತ್ತವ್ರೆಲ್ಲಾ ಎದ್ದ ಬರ್ತಾರ. ನಿನ್ನ ಮಗಾನೂ ಎದ್ದ ಬರ್ತಾನ."

ಕೂಸನ್ನು ನಮ್ಮ ಹೊಲದ ಬದುವಿನಲ್ಲಿ, ಬನ್ನಿಗಿಡದ ಕೆಳಗೆ ಮಣ್ಣು ಮಾಡಿದರು. ನರ್ಸಬಾಯಿ ಕ್ರೈಸ್ತರ ದೀಕ್ಷೆಯ ನೀರು ಹಾಕಿ ಕೂಸನ್ನು ತನ್ನ ಕಡೆ ಮಾಡಿಕೊಂಡಳು ಎಂದು ಆಯಿ ಊರೆಲ್ಲ ಸಾರಿದಳು. ಆಮೇಲೆ ಊರಿನ ಹೆರಿಗೆಗಳಲ್ಲಿ ಒಂದು ಹೊಸ ಪದ್ಧತಿ ಬಂತು. ನರ್ಸಬಾಯಿಯನ್ನು ಬಿಟ್ಟರೆ ಗತಿಯಿಲ್ಲ, ಹಾಗಾಗಿ ಕರೆಯುತ್ತಿದ್ದರು. ಆದರೆ ಅವರ ಎದುರಿಗೆ ಒಬ್ಬ ಮುದುಕಿ ಅವರ ಕೈಗಳನ್ನೇ ನೋಡುತ್ತ ಕೂರಬೇಕು. ನಾನು ಹುಟ್ಟಿದಾಗ ಆ ಕೆಲಸ ಆಯಿಯದು. ಬಿಸಿನೀರಿನ ಪಾತ್ರೆಯನ್ನು ತನ್ನ ತೊಡೆಯ ಪಕ್ಕ ಇಟ್ಟುಕೊಂಡು, ಕೇಳಿದಾಗಲೆಲ್ಲ ಚೊಂಬಿನಿಂದ ತಾನೇ ಸುರಿದಳಂತೆ. "ಆಯಿ, ನಿಮ್ಮ ಕಣ್ಣೂ ಒಂದೀಟ ಪಿಳುಕಿಸ್ರಿ, ಉರೀತಾವ" ಎಂದು ನರ್ಸಬಾಯಿ ನಕ್ಕರಂತೆ. ಆಯಿ ನಗಲಿಲ್ಲವಂತೆ. ಅದನ್ನು ನಂಬಬಹುದು.

ಅವ್ವನ ಅನುಮಾನ ಬೇರೆ ಜಾತಿಯದು. ಅವಳು ಯಾರ ಮುಂದೆಯೂ ಸಾರಲಿಲ್ಲ. ನರ್ಸಬಾಯಿ ವರ್ಗವಾಗಿ ಹೋದರು, ನಿವೃತ್ತರಾಗಿ ಹಾನಗಲ್ಲಿನಲ್ಲಿ ಚರ್ಚಿನ ಹತ್ತಿರ ಮನೆ ಮಾಡಿದರು. ಅವ್ವನ ಒಳಗೆ ಆ ಮಾತು ಮಾತ್ರ ವರ್ಗವಾಗಲಿಲ್ಲ. ಎದ್ದು ಬರುವುದು ನಿಜವಾಗಿದ್ದರೆ ಮಗ ಯಾರ ಕಡೆ ಹೋಗುತ್ತಾನೆ?

ಈ ಪ್ರಶ್ನೆ ಅವಳ ಬಾಯಿಂದ ಹೊರಬಿದ್ದದ್ದು ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ. ಎಂಟನೆಯ ತಿಂಗಳಲ್ಲಿ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆಂದು ನನ್ನ ಕೈಗೆ ಲಿಂಗ ಕೊಟ್ಟರು, ಹುಟ್ಟಿದ ಮೇಲೆ ಕಟ್ಟಲು. ಪಾದಪೂಜೆ ಮುಗಿದು ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಅವ್ವ ಕೇಳಿಯೇಬಿಟ್ಟಳು. ಲಿಂಗ ಕಟ್ಟುವ ಮೊದಲೇ ಹೋದ ಕೂಸಿನ ಗತಿ ಏನು?

"ಅದು ಶಿವನ ಕೂಸವಾ. ಎಲ್ಲಿ ಹೋಗತೈತಿ?" ಎಂದರು ಅಯ್ಯನವರು.

"ಮತ್ತ ಅದರ ನೆತ್ತಿಗೆ ಬ್ಯಾರೇದವ್ರು ನೀರ ಹಾಕಿದ್ರ?"

ಅಯ್ಯನವರು ಅಗಿಯುವುದನ್ನು ನಿಲ್ಲಿಸಿದರು. "ಅದನ್ನ ಹಾಕಿದವ್ರನ್ನ ಕೇಳಬೇಕ ನೋಡು" ಎಂದು ಎದ್ದು ಹೋದರು.

ಎರಡು ದಿನ ಕಳೆದು ನಾವಿಬ್ಬರೂ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೋದೆವು. ಬಸುರಿಯನ್ನು ಯಾಕೆ ಎಳೆದುಕೊಂಡು ಹೊರಟೆ ಎಂದು ಅಪ್ಪ ಬೈದ. ನನ್ನನ್ನು ಕಂಡರೆ ಆಕಿ ಸುಳ್ಳು ಹೇಳುವುದಿಲ್ಲ ಎಂಬುದು ಅವ್ವನ ಲೆಕ್ಕಾಚಾರ. ತುಂಬಿದ ಹೊಟ್ಟೆಯ ಎದುರು ಸೂಲಗಿತ್ತಿ ಸುಳ್ಳಾಡುವುದಿಲ್ಲವಂತೆ.

ನರ್ಸಬಾಯಿ ಸೊರಗಿದ್ದರು. ಗುರುತು ಹಿಡಿದು, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ತಲಿ ಕೆಳಗ ಬಂದೈತಿ, ಚಲೋ ಐತಿ" ಎಂದರು. ಚಹಾ ಕೊಟ್ಟರು. ಅವ್ವ ಬಟ್ಟಲನ್ನು ಮುಟ್ಟಲಿಲ್ಲ.

"ಬಾಯಾರ, ಒಂದ ಮಾತ ಖರೆ ಹೇಳ್ರಿ. ಅವತ್ತ ನೀರ ಹಾಕಿದ್ರೋ ಇಲ್ಲೋ?"

ನರ್ಸಬಾಯಿ ತಡಮಾಡಲಿಲ್ಲ. "ಹಾಕಿದ್ನಿ. ಉಸಿರ ಹೊಂಟಿತ್ತು. ನಮ್ಮಾಗ ಅಂಥಾ ಹೊತ್ತಿನ್ಯಾಗ ಯಾರ ಬೇಕಾದ್ರೂ ಹಾಕಬಹುದು, ಪಾದ್ರಿನ ಬೇಕಂತಿಲ್ಲ."

"ವಾಪಸ್ ತೊಗೋರಿ ಹಂಗಾರ."

"ಅದು ವಾಪಸ್ ತೊಗೊಳ್ಳಾಕ ಬರಂಗಿಲ್ಲ ತಂಗಿ. ಕೆಟ್ಟದ್ದೇನ ಮಾಡಿಲ್ಲ ನಾ. ಕಡೀ ದಿನ ಎಲ್ಲಾರ್ನೂ ಹೆಸರ ಹಿಡದ ಕರೀತಾರ. ಕರದಾಗ ನಿನ್ನ ಮಗಗ ಒಂದ ಹೆಸರಿರ್ಲಿ ಅಂತ..."

"ಹೆಸರಾ?" ಅವ್ವ ಎದ್ದು ನಿಂತಳು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಕೂಸು ಅಲ್ಲಿಯವರೆಗೆ ಬದುಕಿರಲಿಲ್ಲ. "ನೀವ ಯಾವ ಸೀಮಿ ಸ್ವಾದರತ್ತಿ? ಅದು ಎರಡ ದಿನದ ಕೂಸು. ಕುತ್ತಿಗೀನ ನಿಂತಿರಲಿಲ್ಲ. ಹೆಸರ ಹಿಡದ ಕರದ್ರ ಹ್ಯಾಂಗ ಎದ್ದ ಬರತೈತಿ? ಯಾರ ಎತ್ಕೊಂಡ ಬರ್ತಾರ ಅದನ್ನ?"

"ನಾ ಎತ್ಕೊಂಡ ಬರ್ತೇನಿ" ಎಂದರು ನರ್ಸಬಾಯಿ.

ಸಮಾಧಾನಕ್ಕೆ ಅಂದ ಮಾತು ಅದು ಎಂದು ಇವತ್ತು ನನಗೆ ಅನಿಸುತ್ತದೆ. ಅವತ್ತು ಆ ಕೋಣೆಯಲ್ಲಿ ಅದು ಕಳವಿನ ಮಾತಿನಂತೆಯೇ ಕೇಳಿಸಿತು. ಅವ್ವ ಬಾಗಿಲಿನ ಚೌಕಟ್ಟು ಹಿಡಿದು, ಕೂಸು ಸತ್ತ ದಿನ ಅತ್ತಿರಬಹುದಾದಂತೆ ಅಳತೊಡಗಿದಳು. "ನನ್ನ ಕೂಸನ್ನ ನೀವ್ಯಾಕ ಎತ್ಕೋತೀರಿ..." ಎಂದಷ್ಟೇ ಮತ್ತೆ ಮತ್ತೆ.

ನರ್ಸಬಾಯಿ ಎದ್ದು ಅವಳ ಹತ್ತಿರ ಬಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಕುಂದ್ರು ತಂಗಿ. ನಾ ಸುಳ್ಳ ಹೇಳಿದ್ನಿ. ನೀರ ಹಾಕಿಲ್ಲ. ಮಾರಿ ಒರಸಿದ್ನಿ ಅಷ್ಟ. ಹೆಸರೂ ಇಟ್ಟಿಲ್ಲ. ನಿನ್ನ ಮಗಾ ನಿನ್ನವನ ಅದಾನ" ಎಂದರು.

ಹಾಗೆನ್ನುವಾಗ ಅವರ ಕೈ ಕೊರಳಿನ ಶಿಲುಬೆಯ ಮೇಲಿತ್ತು. ಅಥವಾ ಆ ಕೈಯನ್ನು ಅಲ್ಲಿ ನಾನೇ ಆಮೇಲೆ ತಂದಿಟ್ಟೆನೋ...

ತಿರುಗಿ ಬರುವ ಬಸ್ಸಿನಲ್ಲಿ ಅವ್ವ, "ಆಕಿ ಸುಳ್ಳ ಹೇಳ್ಯಾಳ" ಎಂದಳು.

"ಯಾವಾಗ? ಮೊದಲೋ, ಆಮ್ಯಾಲೋ?"

"ಎರಡೂ ಸಲ" ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಆ ಎರಡನೆಯ ಮಾತು ಸುಳ್ಳಾಗಿದ್ದರೆ ಅದರ ತೂಕ ಎಷ್ಟು ಎಂಬುದು ನನಗೆ ತಿಳಿದದ್ದು ನಿಧಾನವಾಗಿ. ಆಡಿದ ಒಂದೊಂದು ಮಾತಿಗೂ ಕಡೆಯ ದಿನ ಉತ್ತರ ಕೊಡಬೇಕು ಎಂದು ನಂಬಿದ್ದ ಹೆಂಗಸು ಅವರು. ಕೊಟ್ಟ ದೀಕ್ಷೆಯನ್ನು ಕೊಟ್ಟೇ ಇಲ್ಲ ಎನ್ನುವುದು ಅವರ ಲೆಕ್ಕದಲ್ಲಿ ಸಣ್ಣ ತಪ್ಪಲ್ಲ. ಅವ್ವನ ಒಂದು ಅಳುವಿಗಾಗಿ ಅದನ್ನು ಮೈಮೇಲೆ ಹಾಕಿಕೊಂಡರೇ? ಇಲ್ಲವೇ ಮೊದಲನೆಯದೇ ಮುಪ್ಪಿನ ಬಡಿವಾರವೇ? ಮಗಳು ಹುಟ್ಟಿ ನಡೆಯಲು ಕಲಿತ ಮೇಲೆ ಒಮ್ಮೆ ಅವಳನ್ನು ಕಟ್ಟಿಕೊಂಡು ನಾನೊಬ್ಬಳೇ ಹಾನಗಲ್ಲಿಗೆ ಹೋದೆ. ಅವ್ವನಿಗೆ ಹೇಳಲಿಲ್ಲ.

"ಅವ್ವಗ ಹೇಳಂಗಿಲ್ಲರಿ. ಖರೆ ಯಾವ್ದು? ಹೆಸರ ಏನಿಟ್ಟಿದ್ರಿ?" ಎಂದು ಕೇಳಿದೆ.

ಅವರು ನನ್ನ ಮಗಳ ಕೈಗೆ ಬಿಸ್ಕೀಟು ಕೊಟ್ಟು, "ಅದನ್ನ ನನಗ ಕೇಳೂವ್ರು ಬ್ಯಾರೇನ ಇದ್ದಾರವಾ" ಎಂದರು. "ಅವ್ರಿಗೆ ಹೇಳ್ತೇನಿ."

ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ನಾನು ಹೋಗಿ ಸಮಾಧಿ ನೋಡಿ ಬಂದೆ. ಅವ್ವ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು.

"ಹ್ಯಾಂಗ ಇಟ್ಟಾರ? ಕುಂದ್ರಿಸ್ಯಾರೋ ಮಲಗಿಸ್ಯಾರೋ?"

"ಮಲಗಿಸ್ಯಾರಬೇ. ಪೆಟಗ್ಯಾಗ ಇಟ್ಟ."

"ಮ್ಯಾಲ?"

"ಸಿಮೆಂಟ ಹಾಕ್ಯಾರ."

ಮೊರದಲ್ಲಿ ಕಲ್ಲು ಹುಡುಕುತ್ತಿದ್ದ ಅವ್ವನ ಬೆರಳು ಸ್ವಲ್ಪ ಹೊತ್ತು ನಿಂತಿತ್ತು.

ಕಳೆದ ವರ್ಷ ಅವ್ವ ಹಾಸಿಗೆ ಹಿಡಿದಾಗ ಒಂದೇ ಹಟ. ತನ್ನನ್ನು ಊರಿನ ರುದ್ರಭೂಮಿಗೆ ಒಯ್ಯಬಾರದು, ಹೊಲದ ಬದುವಿನಲ್ಲಿ ಕೂಸಿನ ಮಗ್ಗುಲಿಗೇ ಮಣ್ಣು ಮಾಡಬೇಕು. ಎಂಥ ತಾಯಿಕರುಳು ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ನಿಜವಾದ ಕಾರಣವನ್ನು ಅವಳು ಹೇಳಿದ್ದು ನನಗೊಬ್ಬಳಿಗೆ, ತಲೆ ಬಾಚುತ್ತಿದ್ದಾಗ.

"ಆಕಿ ಹಾನಗಲ್ಲಿಂದ ಬರಬೇಕು. ಮಲಗಿದಾಕಿ, ಮ್ಯಾಲ ಸಿಮೆಂಟ ಬ್ಯಾರೆ. ಏಳೂದಕ್ಕ ಹೊತ್ತ ಹಿಡೀತೈತಿ. ನಾ ಕುಂತ ಇರ್ತೇನಿ."

"ಅದನ್ನೆಲ್ಲಾ ನಂಬ್ತೀಯೇನಬೇ ನೀ?"

"ನಂಬೂದಿಲ್ಲ" ಎಂದಳು ಅವ್ವ. "ಆದ್ರ ಆಕಿನ್ನೂ ನಂಬೂದಿಲ್ಲ."

ನಮ್ಮವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು. ಅವ್ವನನ್ನೂ ಹಾಗೆಯೇ ಕೂರಿಸಿದರು. ಬನ್ನಿಗಿಡ ಈಗಿಲ್ಲ. ಬದುವನ್ನು ಜೆಸಿಬಿ ಒಮ್ಮೆ ಸರಿಸಿದೆ. ಕೂಸು ಅಲ್ಲೇ ಇದೆಯೆಂದು ಯಾರೂ ಆಣೆ ಮಾಡಿ ಹೇಳಲಾರರು. ಅವ್ವ ಬೆರಳು ಮಾಡಿ ತೋರಿಸಿದ ಜಾಗ ಅಷ್ಟೇ. ಗುಂಡಿಯೊಳಗೆ ಇಳಿದಿದ್ದ ಚಿಕ್ಕಪ್ಪ ಅವಳ ಬಲಗೈಗೆ ಪತ್ರಿ, ಹೂವು ತುಂಬಲು ಹೋದ.

"ಕಾಕಾ, ಆ ಕೈ ಖಾಲಿ ಇರ್ಲಿ" ಎಂದೆ.

ಅವನು ಹೂವನ್ನು ಅವಳ ಮಡಿಲಿಗೆ ಹಾಕಿದ. ದುಃಖದಲ್ಲಿ ಏನೋ ಅಂದಳು ಅಂದುಕೊಂಡಿರಬೇಕು.

ಭಾಂಡೆ ಅಂಗಡಿಯವನು ಒಳಲೆಯನ್ನು ಒರೆಸಿ, ಹೆಸರು ಕೊರೆಯುವ ಮಷಿನ್ನಿನ ವೈರು ಚುಚ್ಚಿ, "ಹೆಸರ ಏನ್ ಹಾಕ್ಲಿರಿ ಅಕ್ಕಾರ?" ಎಂದ. ನಾದಿನಿಯ ಮೊಮ್ಮಗನ ಹೆಸರು ಬಾಯಲ್ಲೇ ಇತ್ತು. ಆದರೆ ಆ ಹೊತ್ತಿಗೆ ನನಗೆ ಇನ್ನೊಂದು ಹೆಸರು ಬೇಕಾಗಿತ್ತು. ಒಮ್ಮೆ, ಒಂದೇ ಬಾಯಿ, ಕರೆದಿದ್ದರೂ ಕರೆದಿರಬಹುದಾದದ್ದು. ಕೂಸನ್ನು ಎತ್ತಿಕೊಳ್ಳಲು ಅವ್ವ ಒಂದು ಕೈ ಖಾಲಿ ಇಟ್ಟುಕೊಂಡು ಹತ್ತಿರದಲ್ಲೇ ಕೂತಿದ್ದಾಳೆ. ಆದರೆ ಏನೆಂದು ಕರೆಯುತ್ತಾಳೆ? ಗೊತ್ತಿದ್ದವರು ಹಾನಗಲ್ಲಿನ ಸಿಮೆಂಟಿನ ಕೆಳಗೆ, ತುಟಿ ಬಿಗಿದು ಮಲಗಿದ್ದಾರೆ.

ಮಷಿನ್ನು ಗುಂಯ್ಯೆನ್ನುತ್ತಲೇ ಇತ್ತು. "ಅಕ್ಕಾರ, ಹೆಸರು?" ಎಂದು ಅವನು ಮತ್ತೆ ಕೇಳಿದ.