ಗುಲಗಂಜಿ ಭಾವನ ಸೊನ್ನೆಗಳು

ನಮ್ಮ ಭಾವನಿಗೆ ಪೇಟೆಯವರು ಇಟ್ಟ ಹೆಸರು ಗುಲಗಂಜಿ. ತಕ್ಕಡಿ ರಿಪೇರಿ ಅವರ ಕೆಲಸ. ನಲವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಮೇಜು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿರುತ್ತವೆ. ಅವನ್ನು ಅವರು ಕೈಯಿಂದ ಮುಟ್ಟುವುದಿಲ್ಲ, ಚಿಮಟದಲ್ಲಿ ಎತ್ತುತ್ತಾರೆ. ಬೆರಳಿನ ಬೆವರಿಗೂ ತೂಕ ಇದೆ ಎಂದು ಅವರ ವಾದ. ತಕ್ಕಡಿ ಗುಲಗಂಜಿಯಷ್ಟು ಆಚೀಚೆ ಆದರೂ ಸರಿಮಾಡದೆ ವಾಪಸು ಕೊಡುವವರಲ್ಲ. "ಹೇಗಿದ್ಯೋ ಹಾಗೇ ಕೊಡಿ ಯಜಮಾನ್ರೇ, ಗಿರಾಕಿಗಳು ಕಾಯ್ತಿದಾರೆ" ಎಂದು ಮೀನಿನ ಅಂಗಡಿಯವನು ಅಂಗಲಾಚಿದರೂ ಜಪ್ಪಯ್ಯ ಅನ್ನುವುದಿಲ್ಲ.

ನಾನು ಅವರ ಬಾಮೈದ. ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತೇನೆ. ಇಪ್ಪತ್ತು ವರ್ಷ ಮೂವತ್ತು ಮಕ್ಕಳ ಕಿರುಚಾಟ ಕೇಳಿದವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಭಾವನ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಮಕ್ಕಳನ್ನು ಶಾಲೆಯಲ್ಲಿ ಇಳಿಸಿ ಭಾವನನ್ನು ಹತ್ತಿಸಿಕೊಳ್ಳುತ್ತೇನೆ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿದ ಮೇಲೆ ಅವರನ್ನು ಮನೆಗೆ ಬಿಟ್ಟು, ಮಕ್ಕಳು ಹೊರಗೆ ಬರುವಷ್ಟರಲ್ಲಿ ಶಾಲೆ ಸೇರುತ್ತೇನೆ. ಆಸ್ಪತ್ರೆಯಿಂದ ಹೊರಟರೆ ಗಡಿಯಾರದ ಕಂಬದ ಹತ್ತಿರ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಅಂಗಡಿ.

ಡಯಾಲಿಸಿಸ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಕ ನೋಡುತ್ತಾರೆ. ಮೈಯಲ್ಲಿ ಎಷ್ಟು ನೀರು ಸೇರಿದೆ, ಎಷ್ಟು ತೆಗೆಯಬೇಕು ಎಂದು ತಿಳಿಯುವುದು ಅದರಿಂದಲೇ. ಮೊದಲ ದಿನವೇ ಭಾವ ಆ ತೂಕದ ಯಂತ್ರದ ಮೇಲೆ ಹತ್ತಿ, ಇಳಿದು, ಬಗ್ಗಿ, ಅದರ ಒಂದು ಕಾಲಿನ ಕೆಳಗೆ ಕಾಗದ ಮಡಿಸಿಟ್ಟರು. "ಸಿಸ್ಟರ್, ನಿಮ್ಮ ನೆಲ ಇಳಿಜಾರಾಗಿದೆ. ಈಗ ನೋಡಿ" ಎಂದರು. ಸಿಸ್ಟರ್ ನನ್ನ ಮುಖ ನೋಡಿದರು. "ಇವರು ಹಾಗೇ ಸಿಸ್ಟರ್, ಮದುವೆ ದಿನ ನಮ್ಮಕ್ಕನನ್ನೂ ತೂಕ ಹಾಕಿಯೇ ಒಪ್ಪಿದ್ದು" ಎಂದೆ. ಭಾವ ನಕ್ಕರು. ಆಗ ಇನ್ನೂ ನಗುತ್ತಿದ್ದರು.

ಬರುಬರುತ್ತಾ ನಗು ಕಡಿಮೆಯಾಯಿತು. ಮೊದಲೆಲ್ಲ ಡಯಾಲಿಸಿಸ್ ಇಲ್ಲದ ನಾಲ್ಕೂ ದಿನ ಅಂಗಡಿ ತೆರೆಯುತ್ತಿದ್ದವರು ಮೂರಕ್ಕೆ ಇಳಿದರು, ಆಮೇಲೆ ಎರಡಕ್ಕೆ. ಒಂದು ದಿನ ನಾನು ಹೋಗಿ ನೋಡಿದಾಗ ಚಿನ್ನದಂಗಡಿಯ ಪುಟ್ಟ ತಕ್ಕಡಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಚಿಮಟ ಹಿಡಿದ ಕೈ ಮೇಜಿನ ಮೇಲಿತ್ತು, ಕಣ್ಣು ಮುಚ್ಚಿತ್ತು. ಕರೆದರೆ ಬೆಚ್ಚಿಬಿದ್ದರು.

ಪಕ್ಕದಲ್ಲಿ ಬೀಗದ ಕೈ ಮಾಡುವವನ ಅಂಗಡಿ. ಅವನಿಗೆ ಜಾಗ ಸಾಲದು. ಭಾವನ ಮಳಿಗೆಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು, ಆದರೆ ಒಳ್ಳೆಯ ಮನುಷ್ಯ, ಬಾಯಿಬಿಟ್ಟು ಕೇಳಿರಲಿಲ್ಲ. ಈ ವರ್ಷ ಭಾವನೇ ಅವನನ್ನು ಕರೆದು, "ಮುಂದಿನ ತಿಂಗಳು ಒಂದನೇ ತಾರೀಕಿನಿಂದ ನೀನೇ ತಗೋ" ಎಂದುಬಿಟ್ಟರು. ಮನೆಯಲ್ಲಿ ಹೇಳಲಿಲ್ಲ. ನನಗೆ ಹೇಳಿದ್ದು ಗಡಿಯಾರದ ಕಂಬದ ಹತ್ತಿರ ಸಿಗ್ನಲ್‌ಗೆ ನಿಂತಾಗ.

"ಕೆಲಸ ಕೈಲಾಗ್ತಿಲ್ಲ ಕಣೋ. ಕಿಡ್ನಿ ಹೋದ ಮೇಲೆ ಇದೆಲ್ಲ ಇದ್ದಿದ್ದೇ" ಎಂದರು.

ಆ ಅಂಗಡಿ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಂತ್ರಕ್ಕೆ ತೋಳು ಕೊಟ್ಟು ಮಲಗುವುದಷ್ಟೇ ಕೆಲಸವಾದರೆ ಯಾರು ತಾನೇ ಎಷ್ಟು ದಿನ ಮಲಗಿಯಾರು?

ಅದಕ್ಕಿಂತ ಎರಡು ವಾರ ಹಿಂದೆ ಒಂದು ಸಂಗತಿ ನಡೆದಿತ್ತು. ನನಗೆ ಆಗ ಅದು ಬರೀ ತಮಾಷೆ ಅನ್ನಿಸಿತ್ತು. ಆಸ್ಪತ್ರೆಯವರು ಹೊಸದಾಗಿ ಒಂದು ಹಾಳೆ ಕೊಟ್ಟಿದ್ದರು. ಮೂರು ತಿಂಗಳಿಗೊಮ್ಮೆ ತುಂಬಿಸಬೇಕಂತೆ. ಕಳೆದ ವಾರದಲ್ಲಿ ನಿಮಗೆ ಯಾವುದು ಎಷ್ಟು ತೊಂದರೆ ಕೊಟ್ಟಿತು, ಸೊನ್ನೆಯಿಂದ ನಾಲ್ಕರೊಳಗೆ ಹೇಳಿ ಎಂದು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ನಾಲ್ಕು. ಭಾವನ ಎಡತೋಳಿನಲ್ಲಿ ಎರಡು ಸೂಜಿ, ಕನ್ನಡಕ ಮನೆಯಲ್ಲಿ. ಹಾಗಾಗಿ ನಾನು ಓದುವುದು, ಅವರು ಹೇಳುವುದು, ನಾನೇ ಬರೆಯುವುದು ಎಂದಾಯಿತು.

"ಮೈ ಕೆರೆತ?"

"ಸೊನ್ನೆ."

ಹಾಗೆ ಹೇಳುವಾಗ ಅವರ ಬಲಗೈಯಲ್ಲಿ ಅಂಗಡಿಯ ಸ್ಟೀಲ್ ಸ್ಕೇಲ್ ಇತ್ತು. ಅದನ್ನು ಅಂಗಿಯ ಕಾಲರಿನಿಂದ ಒಳಗೆ ಇಳಿಬಿಟ್ಟು ಬೆನ್ನು ಕೆರೆದುಕೊಳ್ಳುತ್ತಿದ್ದರು!

"ಭಾವ, ಕೈಯಲ್ಲಿ ಏನಿದು?"

"ಅದು ದಿನಾ ಇರೋದು ಕಣೋ. ದಿನಾ ಇರೋದನ್ನ ಕಳೆದು ಹೇಳ್ಬೇಕು. ಎಣ್ಣೆ ತೂಗೋನು ಮೊದಲು ಖಾಲಿ ಡಬ್ಬಿ ಇಟ್ಟು ಅದರ ತೂಕ ಕಳೀತಾನೋ ಇಲ್ವೋ? ಡಬ್ಬಿ ತೂಕಾನೂ ಸೇರಿಸಿದ್ರೆ ಅದು ಮೋಸ. ಈ ವಾರ ಹೊಸದಾಗಿ ಏನು ಸೇರ್ತು ಅಂತ ಕೇಳ್ತಿದಾರೆ. ಏನೂ ಸೇರಿಲ್ಲ. ಸೊನ್ನೆ ಬರಿ."

ವಾದಕ್ಕೆ ಇಳಿದರೆ ನನ್ನ ತಲೆ ತಿನ್ನುತ್ತಾರೆ. ಬರೆದೆ. ನಿದ್ದೆ ಬಾರದಿರುವುದು? ಸೊನ್ನೆ. ಕಾಲಿನಲ್ಲಿ ಚಡಪಡಿಕೆ? ಸೊನ್ನೆ. ಸ್ನಾಯು ಸೆಳೆತ, ಬಾಯಿ ಒಣಗುವುದು, ಬಾಯಿಗೆ ರುಚಿ ಇಲ್ಲದಿರುವುದು, ಸುಸ್ತು, ಎಲ್ಲಕ್ಕೂ ಸೊನ್ನೆ. ಕೊನೆಯಲ್ಲಿ ಒಂದು ಸಾಲು: ನಿಮ್ಮ ಕಾಯಿಲೆಯಿಂದ ಮನೆಯವರಿಗೆ ಎಷ್ಟು ಹೊರೆ? ಅಲ್ಲಿ ಮಾತ್ರ ಭಾವ ಸ್ವಲ್ಪ ತಡೆದರು. ಆಮೇಲೆ ಅದಕ್ಕೂ ಸೊನ್ನೆ ಹಾಕಿಸಿದರು.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಹಾಳೆ ನೋಡಿ ಅವರ ಮುಖ ಅರಳಿತು. "ಈ ವಾರ್ಡಿನಲ್ಲಿ ನೀವೊಬ್ರೇ ನೋಡಿ ಇಷ್ಟು ಆರಾಮಾಗಿರೋದು" ಎಂದು ಮುಂದಿನ ಹಾಸಿಗೆಗೆ ಹೋದರು. ಔಷಧದ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಾಗುವುದಾದರೂ ಹೇಗೆ? ಭಾವ ಮಾತ್ರ ಪರೀಕ್ಷೆ ಪಾಸಾದವರಂತೆ ಬೀಗಿದರು.

ಅಂಗಡಿ ವಿಷಯ ಕೇಳಿದ ಮೇಲೆ ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿಬಿಟ್ಟೆ. ಭಾವ ನನ್ನನ್ನು ದುರುಗುಟ್ಟಿ ನೋಡಿದರು. ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಹೌದೇನ್ರೀ? ಅಂಗಡಿ ಕೊಡ್ತಿದೀರಾ?"

"ಎಷ್ಟು ದಿನ ಅಂತ ನಡೆಸೋದು ಹೇಳು? ಕೈ ನಿಲ್ತಿಲ್ಲ."

"ನಿದ್ದೆ ಇಲ್ಲದೆ ಕೈ ಹೇಗೆ ನಿಲ್ಲತ್ತೆ? ಡಾಕ್ಟ್ರಿಗೆ ಹೇಳಿದ್ರಾ?"

ಸುಮ್ಮನಿರುವ ಜಾಯಮಾನ ನನ್ನದಲ್ಲ. ಹಾಳೆಯ ಕಥೆಯನ್ನು ಸ್ಟೀಲ್ ಸ್ಕೇಲಿನ ಸಮೇತ, ಭಾವನ ದನಿಯನ್ನು ಅಣಕಿಸಿ ಹೇಳಿದೆ. ಅಕ್ಕ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಒಳಗೆ ಹೋಗಿ ಒಗೆಯಲು ಹಾಕಿದ್ದ ಹಾಸಿಗೆಯ ಹೊದಿಕೆ ತಂದು ನಮ್ಮ ಮುಂದೆ ಹಿಡಿದಳು. ಕೆರೆದು ಕೆರೆದು ಬಂದ ರಕ್ತದ ಚುಕ್ಕೆಗಳು ಅದರ ತುಂಬ ಇದ್ದವು.

"ಇದು ಸೊನ್ನೇನಾ? ಕಾಲು ನಿಲ್ಲಲ್ಲ ಅಂತ ರಾತ್ರಿಯೆಲ್ಲ ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡ್ತಾರಲ್ಲ, ಅದು ಸೊನ್ನೇನಾ? ನೀನು ಏನೋ ಬರೆದೆ? ನಿನಗೆ ಕಣ್ಣಿರಲಿಲ್ವಾ?"

ಬೇರೆಯವರ ಮೇಲೆ ಕೂಗಾಡುವುದಕ್ಕೆ ನನ್ನ ಸಿಟ್ಟು ಚೆನ್ನಾಗಿ ಒದಗುತ್ತದೆ, ಇಂಥ ಹೊತ್ತಿಗೆ ಎಲ್ಲಿ ಹೋಗುತ್ತದೋ! ಸೊನ್ನೆ ಬರೆದ ಕೈ ನನ್ನದೇ.

ಭಾವ ಮೆಲ್ಲಗೆ, "ಅದಲ್ಲ ಕಣೇ. ಪಾತ್ರೆ ತೂಕ ಕಳೆದೇ ತಾನೇ ಯಾರಾದ್ರೂ..." ಎಂದು ಶುರುಮಾಡಿದರು.

"ಕಳೀತಾರೆ. ಕೊಳ್ಳೋನಿಗೆ ಕಳೀತಾರೆ. ಹೊರೋನಿಗೆ ಪಾತ್ರೆ ತೂಕ ಕಳೀತಾರೇನ್ರೀ? ಅವನು ಪಾತ್ರೆ ಸಮೇತ ತಾನೇ ಹೊರೋದು?"

ನಲವತ್ತೊಂದು ವರ್ಷದ ಕಸುಬಿನಲ್ಲಿ ಈ ಪ್ರಶ್ನೆಯನ್ನು ಭಾವನಿಗೆ ಯಾರೂ ಕೇಳಿರಲಿಲ್ಲವೇನೋ. ಊಟ ಮುಗಿಸಿ ಕೈ ತೊಳೆದು ಬಂದು, "ಆ ಹಾಳೆ ಇನ್ನೊಂದು ಸಿಗುತ್ತೇನೋ ಕೇಳು" ಎಂದು ನನಗೆ ಹೇಳಿದರು.

ಮಂಗಳವಾರ ಅಕ್ಕನೂ ವ್ಯಾನ್ ಹತ್ತಿದಳು. ಈ ಸಲ ಭಾವ ಕನ್ನಡಕ ತಂದಿದ್ದರು. ಪೆನ್ನು ತಾವೇ ಹಿಡಿದು, ಒಂದೊಂದು ಸಾಲನ್ನೂ ತಕ್ಕಡಿ ಪರೀಕ್ಷಿಸುವ ಹಾಗೆ ಓದಿ, ಕಣ್ಣು ಮುಚ್ಚಿ ಯೋಚಿಸಿ ಬರೆದರು. ಕೆರೆತಕ್ಕೆ ನಾಲ್ಕು. ನಿದ್ದೆಗೆ ನಾಲ್ಕು. ಕಾಲಿನ ಚಡಪಡಿಕೆಗೆ ಮೂರು ಹಾಕಿ, ಸ್ವಲ್ಪ ಹೊತ್ತು ನೋಡಿ, ಹೊಡೆದುಹಾಕಿ ನಾಲ್ಕು ಮಾಡಿದರು. ಸುಸ್ತಿಗೆ ಮೂರು. ಮನೆಯವರಿಗೆ ಎಷ್ಟು ಹೊರೆ ಎಂಬ ಸಾಲಿಗೆ ಬಂದಾಗ ಅಕ್ಕನ ಕಡೆ ನೋಡಿದರು, ಖಾಲಿ ಬಿಟ್ಟರು. ಕೊನೆಯಲ್ಲಿ ಬೇರೆ ಏನಾದರೂ ಇದ್ದರೆ ಬರೆಯಿರಿ ಎಂಬ ಜಾಗದಲ್ಲಿ, "ಅಂಗಡಿಗೆ ಹೋಗಲು ಆಗುತ್ತಿಲ್ಲ" ಎಂದು ಬರೆದರು.

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಯಾವ ಅಂಗಡಿ?" ಎಂದು ಕೇಳಿದರು. ಎರಡು ವರ್ಷದಿಂದ ಈ ಮನುಷ್ಯನ ರಕ್ತದಲ್ಲಿ ಏನೇನು ಎಷ್ಟಿದೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಕಸುಬು ಗೊತ್ತಿರಲಿಲ್ಲ. ಭಾವ ಹೇಳಿದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳಿದ್ರಿ, ನಾನು ಹೇಳಿದೆ ಡಾಕ್ಟ್ರೇ. ತಪ್ಪು ತೂಕ ಹೇಳಿದೆ."

ಅವರು ಸ್ಟೂಲ್ ಎಳೆದುಕೊಂಡು ಕೂತರು. ಮೂತ್ರಪಿಂಡದ ಕಾಯಿಲೆಯವರಿಗೆ ಕೆರೆತವೂ ಕಾಲಿನ ಚಡಪಡಿಕೆಯೂ ಬರುವುದುಂಟು, ಆದರೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ಸಹಿಸಬೇಕಿಲ್ಲ, ಎಷ್ಟೋ ತಗ್ಗಿಸಬಹುದು ಎಂದರು. ಒಂದೊಂದಾಗಿ ಕೆದಕಿದರು. ಊಟದ ಜೊತೆ ನುಂಗಬೇಕಾದ ಮಾತ್ರೆಯನ್ನು ಭಾವ ಊಟವಾಗಿ ಎರಡು ಗಂಟೆಯ ಮೇಲೆ ನುಂಗುತ್ತಿದ್ದದ್ದು ಆಗ ಹೊರಬಿತ್ತು, ಕೆರೆತಕ್ಕೆ ಅದೂ ಒಂದು ಕಾರಣವಂತೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿತ್ತು, ಕಾಲಿನ ಚಡಪಡಿಕೆ ಅದರಿಂದಲೂ ಹೆಚ್ಚುತ್ತದಂತೆ. ಯಂತ್ರ ನೀರನ್ನು ತೀರ ವೇಗವಾಗಿ ಎಳೆಯುತ್ತಿದೆ, ಸೆಳೆತ ಅದಕ್ಕೇ ಇರಬಹುದು ಎಂದು ಇನ್ನರ್ಧ ಗಂಟೆ ಹೆಚ್ಚಿಸಿದರು. ಕೆರೆತಕ್ಕೂ ಕಾಲಿಗೂ ಒಂದೊಂದು ಪುಟ್ಟ ಮಾತ್ರೆ ಬಂತು.

ಆ ಸಂಜೆಯೇ ಭಾವ ಬೀಗದ ಕೈಯವನ ಹತ್ತಿರ ಹೋಗಿ ಮೂರು ತಿಂಗಳ ವಾಯಿದೆ ಕೇಳಿದರು. "ಮುಂದಿನ ಹಾಳೆ ತುಂಬಿದ ಮೇಲೆ ಹೇಳ್ತೀನಿ" ಎಂದರಂತೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಒಪ್ಪಿದ.

ಮಾತ್ರೆ ನುಂಗಿದ ಮರುದಿನವೇ ಎದ್ದು ಕುಣಿದರು ಎಂದು ಹೇಳಿದರೆ ಅದು ಸುಳ್ಳು. ಮೊದಲ ವಾರ ಆ ಕಾಲಿನ ಮಾತ್ರೆಗೆ ಹಗಲೆಲ್ಲ ತೂಕಡಿಸಿದರು. ಅದನ್ನು ಅರ್ಧಕ್ಕೆ ಇಳಿಸಬೇಕಾಯಿತು. ನಾಲ್ಕನೇ ವಾರದ ಹೊತ್ತಿಗೆ ಹೊದಿಕೆಯ ಮೇಲಿನ ಚುಕ್ಕೆ ಕಡಿಮೆಯಾಗಿದೆ ಎಂದು ಅಕ್ಕ ಹೇಳಿದಳು. ಆಮೇಲೆ ಒಂದು ಬುಧವಾರ ನಾನು ಅಂಗಡಿ ಮುಂದೆ ಹಾದುಹೋಗುವಾಗ ಭಾವ ಚಿನ್ನದಂಗಡಿಯ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಚಿಮಟದ ತುದಿಯಲ್ಲಿ ಅತಿ ಚಿಕ್ಕ ಬಟ್ಟು. ಕೈ ಅಲುಗುತ್ತಿರಲಿಲ್ಲ. ನಾನು ಹಾರ್ನ್ ಹೊಡೆಯದೆ ಮುಂದೆ ಹೋದೆ. ಕಣ್ಣು ಮಂಜಾಗಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮೂರು ತಿಂಗಳಾಯಿತು. ಹಾಳೆ ಮತ್ತೆ ಬಂತು, ಅಕ್ಕ ಮತ್ತೆ ನಮ್ಮ ಜೊತೆ ಬಂದಳು. ಆ ದಿನ ಕನ್ನಡಕದ ಕಡ್ಡಿ ಮುರಿದಿದ್ದರಿಂದ ಓದುವ ಕೆಲಸ ನನ್ನ ಪಾಲಿಗೇ ಬಂತು.

"ಕೆರೆತ?"

"ಒಂದು."

"ಕಾಲಿನ ಚಡಪಡಿಕೆ?"

"ಒಂದೂ ಮುಕ್ಕಾಲು."

"ಮುಕ್ಕಾಲು ಎಲ್ಲ ಇಲ್ಲ ಭಾವ ಇಲ್ಲಿ. ಒಂದೋ ಎರಡೋ ಹೇಳಿ."

"ಒಂದು ಅಂದ್ರೂ ಸುಳ್ಳು, ಎರಡು ಅಂದ್ರೂ ಸುಳ್ಳು. ಪಕ್ಕದಲ್ಲಿ ಬರಿ."

ಬರೆದೆ. ನಿದ್ದೆಗೆ ಎರಡು. ಸುಸ್ತು ಮೂರರಲ್ಲೇ ಇತ್ತು, ಅದೇನೂ ಇಳಿದಿರಲಿಲ್ಲ. ಮನೆಯವರಿಗೆ ಎಷ್ಟು ಹೊರೆ ಎಂಬ ಸಾಲು ಓದಿದೆ. ಭಾವ ಬಾಯಿ ತೆರೆಯುವ ಮೊದಲೇ ಅಕ್ಕ, "ಅದಕ್ಕೆ ಸೊನ್ನೆ ಹಾಕೋ" ಎಂದಳು.

ಭಾವ ದಿಂಬಿನ ಮೇಲೆ ತಲೆ ಹೊರಳಿಸಿ ಅವಳನ್ನು ನೋಡಿದರು. ಅವರು ಹಾಲಿನಲ್ಲಿ ಓಡಾಡಿದ ಅಷ್ಟೂ ರಾತ್ರಿ ಅವಳೂ ಮಲಗಿರಲಿಲ್ಲ. ನೀರಿಗೆ ಡಾಕ್ಟರು ಮಿತಿ ಹಾಕಿದ್ದರಿಂದ ಅವರು ಗುಟುಕು ಲೆಕ್ಕದಲ್ಲಿ ಕುಡಿಯುವಾಗ ಅವಳು ಅವರ ಮುಂದೆ ಲೋಟ ಎತ್ತಿದವಳಲ್ಲ, ಅಡುಗೆಮನೆಗೆ ಹೋಗಿ ಕುಡಿದು ಬರುತ್ತಿದ್ದಳು.

"ಪಾತ್ರೆ ಸಮೇತ ಹೇಳು" ಎಂದರು ಭಾವ.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಯಂತ್ರ ಗುಂಯ್ ಎನ್ನುತ್ತಿತ್ತು. ಕೊನೆಗೆ, "ಮೂರು" ಎಂದಳು. ಹೇಳಿದ ಕೂಡಲೇ ಅವಳ ಕಣ್ಣು ತುಂಬಿತು.

"ಬರ್ಕೋ" ಎಂದರು ಭಾವ. ನಾನು ಮೂರು ಎಂದು ಬರೆದೆ.

ಹೊರಟಾಗ ಗಡಿಯಾರದ ಕಂಬದ ಹತ್ತಿರ ಸಿಗ್ನಲ್ ಬಿತ್ತು. ಬೀಗದ ಕೈಯವನಿಗೆ ಉತ್ತರ ಹೇಳುವ ದಿನ ಅದು. ನಾನು ಕೇಳದೆಯೇ ಬಲಕ್ಕೆ ಇಂಡಿಕೇಟರ್ ಹಾಕಿದೆ. ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಭಾವ ತಿರುಗಿ ಅವಳನ್ನು ನೋಡಿದರು.

"ಎಡಕ್ಕೆ ತಿರುಗಿಸು" ಎಂದು ದನಿ ತಗ್ಗಿಸಿ ಹೇಳಿದರು. "ನಿಮ್ಮಕ್ಕ ಮನೆಗೆ ಹೋಗಿ ಸರಿಯಾಗಿ ಮಲಗಲಿ. ಅಂಗಡಿ ಕೊಡಲ್ಲ ಅಂತ ಅವನಿಗೆ ನಾಳೆ ಬಾಗಿಲು ತೆಗೆಯುವಾಗ ಹೇಳ್ತೀನಿ."