ಗಲ್ಲವಲ್ಲ, ಗದ್ದ

ಭಕ್ತ ಬಂಧುಗಳೇ, ಮೊದಲು ಅನ್ಯಾಯವನ್ನು ಹೇಳುತ್ತೇನೆ, ಕೃಪೆಯನ್ನು ಆಮೇಲೆ. ಒಂದು ಮೊಬೈಲ್ ಆ್ಯಪ್‌ನ ತಪ್ಪು ಕನ್ನಡದಿಂದಾಗಿ ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ ನಾಲ್ಕು ತಿಂಗಳು ತುತ್ತು ತುತ್ತಿಗೂ ಕೆಮ್ಮಿ ಕಣ್ಣೀರಿಟ್ಟಳು. ಆ ತಪ್ಪನ್ನು ಅವಳ ಮೇಲೆಯೇ ಹೊರಿಸಲಾಯಿತು.

ಅವಳಿಗೆ ಪಾರ್ಕಿನ್ಸನ್ ಕಾಯಿಲೆ. ಮಾತು ಕುಗ್ಗಿ, ನುಂಗುವುದೂ ಕಷ್ಟವಾದಾಗ ದೊಡ್ಡಾಸ್ಪತ್ರೆಯವರು ಫೋನಿಗೆ ಆ್ಯಪ್ ಹಾಕಿಕೊಟ್ಟು, ತೋವಿನಕೆರೆಯ ಮನೆಯಲ್ಲೇ ಅಭ್ಯಾಸ ಮಾಡಿಸಿರೆಂದರು. ಅದರಲ್ಲಿ ಚಿತ್ರವಿರಲಿಲ್ಲ, ಧ್ವನಿ ಮಾತ್ರ: "ಗಲ್ಲವನ್ನು ಕೆಳಗೆ ಬಾಗಿಸಿ ನುಂಗಿರಿ." ನಮ್ಮ ಕಡೆ ಗಲ್ಲವೆಂದರೆ ಕೆನ್ನೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ನಾನೇ ಅವಳ ಕೆನ್ನೆಯನ್ನು ಭುಜಕ್ಕೆ ಒರಗಿಸಿ ಅಂಬಲಿ ಕುಡಿಸಿದೆ. ಅದು ಶ್ವಾಸನಾಳಕ್ಕೆ ಇಳಿದು ಎರಡು ಸಲ ಎದೆಗೆ ಸೋಂಕು ತಗುಲಿತು. ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡಿದರೆ ಬಂದ ಉತ್ತರ: "ವಯಸ್ಸಾದವರು ಹೇಳಿದ್ದನ್ನ ಸರಿಯಾಗಿ ಮಾಡಲ್ಲ ಸಾರ್." ಆ ಮಾತನ್ನು ಅಂದೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕಾರ್ತಿಕದಲ್ಲಿ ವೈದ್ಯರು, ಇನ್ನು ಊಟಕ್ಕೆ ಮೂಗಿನ ನಳಿಗೆಯೇ ಗತಿ ಎಂದರು. ಅವಳು ಉಸಿರಿನಷ್ಟೇ ಸಣ್ಣ ದನಿಯಲ್ಲಿ, "ಅದುಕ್ಕೂ ಮುಂಚೆ ನಾಗಲಮಡಿಕೆ ಸುಬ್ರಮಣ್ಯಪ್ಪನ ತೀರ್ಥನ ಬಾಯಲ್ಲಿ ತಗೊಂಬುಡ್ತೀನಿ, ಕರ್ಕೊಂಡೋಗ್ರಿ" ಎಂದಳು.

ಕೊರಟಗೆರೆ, ಮಧುಗಿರಿ, ಪಾವಗಡ ಎಂದು ಬಸ್ಸು ಬದಲಿಸುತ್ತ ಹೋದೆವು. ದಾರಿಯುದ್ದಕ್ಕೂ ನನ್ನ ಪ್ರಾರ್ಥನೆ ಒಂದೇ: ಸ್ವಾಮಿ, ಇವಳು ಬಾಯಿಂದಲೇ ಉಣ್ಣುವಂತಾಗಲಿ.

ಗುಡಿಯಲ್ಲಿ ತೀರ್ಥಕ್ಕೂ ಅವಳು ಅಭ್ಯಾಸಬಲದಿಂದ ಕೆನ್ನೆ ವಾಲಿಸಿದಳು. ಅರ್ಚಕರು ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ತಡೆದರು.

"ಅಯ್ಯೋ, ಅಂಗಲ್ಲ ಕಣಮ್ಮ. ತಲ ವಂಚಮ್ಮಾ, ಬಗ್ಗು! ಗದ್ದ ಎದೆಗೆ ತಾಗ್ಲಿ, ಆಮೇಲೆ ಕುಡಿ."

ತಲೆ ಬಗ್ಗಿಸಿ ನುಂಗಿದಳು. ನಾನು ಕೆಮ್ಮಿಗಾಗಿ ಕಾದೆ. ಬರಲಿಲ್ಲ. ಇನ್ನೊಂದು ಉದ್ಧರಣೆ ತೀರ್ಥ ಕೊಟ್ಟರು. ಆಗಲೂ ಬರಲಿಲ್ಲ. ಗರ್ಭಗುಡಿಯ ಮುಂದೆ ನಾನು ಅತ್ತುಬಿಟ್ಟೆ.

ಮರುದಿನ ಮಧುಗಿರಿಯ ಆಸ್ಪತ್ರೆಯಲ್ಲಿ ಮಾತಿಗೂ ನುಂಗುವುದಕ್ಕೂ ತರಬೇತಿ ನೀಡುವ ಹೆಣ್ಣುಮಗಳೊಬ್ಬಳು ಪರೀಕ್ಷಿಸಿ, "ಇವರಿಗೆ ಬೇಕಾದ ಭಂಗಿ ಇದೇ ಸಾರ್. ಆ್ಯಪ್ ಹೇಳಬೇಕಾಗಿದ್ದದ್ದೂ ಗದ್ದ ಅಂತಲೇ" ಎಂದಳು.

ಊರಿನ ಬಸ್ಸಿನಲ್ಲಿ ಪುಟ್ಟಲಕ್ಷ್ಮಮ್ಮ ನನ್ನ ಕಿವಿಯ ಬಳಿ, "ಮೇಷ್ಟ್ರೇ, ಊರ್ ಮಕ್ಳಿಗೆಲ್ಲ ಕನ್ನಡ ಕಲ್ಸುದ್ರಿ, ಗದ್ದ ಯಾವ್ದು ಅಂತ ಫೋನ್ನ ಕೇಳುದ್ರಾ?" ಎಂದು ನಕ್ಕಳು. ನನಗೆ ಪೂರ್ತಿ ಅರ್ಥವಾದ ಅವಳ ಕೊನೆಯ ಮಾತು ಅದು.

ಕಾಯಿಲೆ ವಾಸಿಯಾಗಿಲ್ಲ, ದನಿ ಮರಳಿಲ್ಲ. ಆದರೆ ನಳಿಗೆ ಬೇಕಾಗಿಲ್ಲ. ಪ್ರತಿ ತುತ್ತಿಗೂ ಅವಳು ಸ್ವಾಮಿಗೆ ಕೈಮುಗಿಯುವವಳಂತೆ ತಲೆ ಬಗ್ಗಿಸುತ್ತಾಳೆ. ನಾನೂ ಜೊತೆಗೇ ಬಗ್ಗಿಸುತ್ತೇನೆ. ನನ್ನ ಭಕ್ತಿ ಇನ್ನು ಅಲುಗದು.

ಆ್ಯಪ್ ಮಾಡಿದ ಮಹನೀಯರೇ, ಆ ಒಂದು ವಾಕ್ಯವನ್ನು ಫೋನಿಗೆ ತುಂಬುವ ಮೊದಲು, ತುತ್ತು ನುಂಗಲಾರದ ಒಬ್ಬ ಕನ್ನಡದ ಮುದುಕಿಯನ್ನಾದರೂ ಕೂರಿಸಿಕೊಂಡು, "ನಿಮಗೇನು ತಿಳಿಯಿತಮ್ಮ?" ಎಂದು ಕೇಳಿದ್ದಿರಾ?